ಊರಲ್ಲೇ ಇದ್ದು ಹಾರ್ಮೋನ್ ಶುರು ಮಾಡಿದವರು ಇದ್ದೀರಾ? ಅನುಭವ ಹೇಳಿ

ಸಾಗರದ ಹುಡುಗಿ:
ನನಗೆ 24. ಹುಟ್ಟಿದ್ದು ಗಂಡಾಗಿ, ಈಗ ಹೆಣ್ಣಾಗಿ ಬದುಕಲು ಹೊರಟಿರುವ ಟ್ರಾನ್ಸ್ ಹುಡುಗಿ ನಾನು. ಊರು ಸಾಗರದ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಮನೋವೈದ್ಯರ ಪತ್ರ ಸಿಕ್ಕಿದೆ, ಮುಂದಿನ ತಿಂಗಳು ಹಾರ್ಮೋನ್ ಶುರು. ಮನೆಯಲ್ಲಿ ಅಕ್ಕನಿಗೆ ಮಾತ್ರ ಗೊತ್ತು. ತೋಟಕ್ಕೆ ಆಳು ಸಿಗುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಊರಿಗೆ ಹೋಗಲೇಬೇಕು. ಮೊದಲ ಒಂದು ವರ್ಷ ಇಲ್ಲೇ ಇದ್ದು ನಿಭಾಯಿಸಬಹುದಾ? ಬೆಂಗಳೂರಿಗೆ ಹೋಗಿಬಿಡುವುದೇ ಒಳ್ಳೆಯದಾ? ದಾಟಿ ಬಂದವರು ಹೇಳಿ.

ತೀರ್ಥಹಳ್ಳಿ ಕಡೆಯವಳು:
ನಾನು ಇಲ್ಲೇ ಶುರು ಮಾಡಿದೆ, ಇವತ್ತಿಗೂ ಇಲ್ಲೇ ಇದ್ದೇನೆ. ಬೆಂಗಳೂರಿಗೆ ಹೋಗದೆ ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎಲ್ಲರೂ ಎಸ್ಟ್ರಾಡಿಯಾಲ್, ಅಂದರೆ ಹೆಣ್ಣಿನ ಹಾರ್ಮೋನ್ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಹೈರಾಣ ಮಾಡಿದ್ದು ಸ್ಪೈರೊನೊಲ್ಯಾಕ್ಟೋನ್. ಗಂಡು ಹಾರ್ಮೋನನ್ನು ತಡೆಯಲು ಕೊಡುತ್ತಾರೆ, ಆದರೆ ಅದು ಮೂತ್ರ ಜಾಸ್ತಿ ಮಾಡುವ ಮಾತ್ರೆ. ಬೆಳಿಗ್ಗೆ ನುಂಗಿ ತೀರ್ಥಹಳ್ಳಿಯಲ್ಲಿ ಬಸ್ ಹತ್ತಿದರೆ ಮಂಡಗದ್ದೆ ಬರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಶಿವಮೊಗ್ಗದಲ್ಲಿ ಇಳಿದ ಮೇಲೆ ಯಾವ ಶೌಚಾಲಯಕ್ಕೆ ಹೋಗುವುದು? ಗಂಡಸರ ಕಡೆ ಹೋದರೆ ಜಡೆ ನೋಡಿ ಶಿಳ್ಳೆ ಹಾಕುತ್ತಿದ್ದರು. ಹೆಂಗಸರ ಕಡೆ ಹೋಗುವ ಧೈರ್ಯ ಆಗ ಇನ್ನೂ ಬಂದಿರಲಿಲ್ಲ. ಕೊನೆಗೆ ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿಕೊಂಡೆ. ಎಳನೀರನ್ನೂ ಕಡಿಮೆ ಮಾಡು ಎಂದರು. ಈ ಮಾತ್ರೆ ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ, ಎಳನೀರಲ್ಲೂ ಬಾಳೆಹಣ್ಣಲ್ಲೂ ಅದೇ ತುಂಬಿದೆ. ತೋಟದ ಮನೆಯವಳಿಗೆ ಎಳನೀರು ಬಿಡುವುದು ಎಷ್ಟು ಕಷ್ಟ ಗೊತ್ತಲ್ವಾ.

ಆಮೇಲೆ ಎದೆ. ಕೆಲವು ತಿಂಗಳಲ್ಲಿ ಒಳಗೆ ಗಂಟು ಮೂಡುತ್ತದೆ. ಬಟ್ಟೆ ತಾಗಿದರೂ ನೋವು. ಅದೇ ಹೊತ್ತಿಗೆ ಅಡಿಕೆ ಕೊಯ್ಲು. ಅಡಿಕೆ ಗೊನೆಯನ್ನು ಎದೆಗೆ ಒತ್ತಿಕೊಂಡು ಹೊರುವುದು ನಮ್ಮ ಅಭ್ಯಾಸ. ಕಣ್ಣಲ್ಲಿ ನೀರು ಬರುತ್ತಿತ್ತು, ಕಾರಣ ಹೇಳುವ ಹಾಗಿರಲಿಲ್ಲ. ಬುಟ್ಟಿಯನ್ನು ತಲೆ ಮೇಲೆ ಹೊರಲು ಶುರು ಮಾಡಿದೆ.

ಸ್ವರ ಮಾತ್ರ ಮಾತ್ರೆಯಿಂದ ಬದಲಾಗುವುದಿಲ್ಲ, ಅಭ್ಯಾಸವೇ ಮಾಡಬೇಕು. ಹೆಂಚಿನ ಮನೆಯಲ್ಲಿ ಗೋಡೆ ಮಾಡಿನವರೆಗೆ ಹೋಗಿರುವುದಿಲ್ಲ, ಒಂದು ಕೋಣೆಯ ಪಿಸುಮಾತು ಇನ್ನೊಂದಕ್ಕೆ ಕೇಳುತ್ತದೆ. ಪಂಪ್‌ಸೆಟ್ ಓಡುವಾಗ ಅದರ ಪಕ್ಕ ನಿಂತು ಅಭ್ಯಾಸ ಮಾಡಿದೆ.

ಖರ್ಚು: ಮಾತ್ರೆಗೆ ತಿಂಗಳಿಗೆ 1,400. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ 3,200. ಅದರಲ್ಲಿ ಎಸ್ಟ್ರಾಡಿಯಾಲ್, ಟೆಸ್ಟೋಸ್ಟಿರೋನ್, ಪ್ರೊಲ್ಯಾಕ್ಟಿನ್, ಲಿವರ್, ಪೊಟ್ಯಾಸಿಯಂ ಎಲ್ಲ ಸೇರಿತು. ಡಾಕ್ಟರ್ ಘಟ್ಟದ ಕೆಳಗೆ, ಹಾಗಾಗಿ ಆಗುಂಬೆ ಇಳಿಯುವ ಬಸ್ ಖರ್ಚು ಬೇರೆ.

ಬೆಂಗಳೂರು ಸೇರಿದ ಭದ್ರಾವತಿಯವಳು:
ನಿಮಗೆ ಪಂಪ್‌ಸೆಟ್ ಇತ್ತು, ತೋಟ ಇತ್ತು, ನೋಡಿ ಸುಮ್ಮನಿರುವ ಮನೆಯವರೂ ಇದ್ದರು. ಎಲ್ಲರಿಗೂ ಹಾಗಿರುತ್ತದಾ?

ನನ್ನ ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ನಿಂತ ಮೇಲೆ ಮನೆಯಲ್ಲಿ ಕೂತು ನನ್ನನ್ನು ಕಾಯುವುದೇ ಕೆಲಸವಾಯಿತು. ಮಾತ್ರೆ ಸಿಕ್ಕ ದಿನ ಬೇರೆ ಊರಿನ ಒಬ್ಬ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದರು. ಆ ಮನುಷ್ಯ 'ಗಂಡಸು ಮಾಡಿಕೊಡುತ್ತೇನೆ' ಎಂದು ಇಂಜೆಕ್ಷನ್ನು, ಕೌನ್ಸೆಲಿಂಗು ಅಂತ 18,000 ಕಿತ್ತುಕೊಂಡ. ಅಮ್ಮನ ಬಳೆ ಅಡ ಇಟ್ಟ ದುಡ್ಡು. ನಾಲ್ಕು ದಿನ ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದ. ಇಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022 ರಲ್ಲೇ ವೃತ್ತಿ ದುರ್ನಡತೆ ಎಂದು ಹೇಳಿದೆ. ಯಾರಿಗಾದರೂ ಹೀಗೆ ಮಾಡಿದರೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ಆಗ ನನಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೂ ಜೊತೆಗೆ ಬರುವವರು ಇರಲಿಲ್ಲ.

ಜನಶತಾಬ್ದಿ ಹತ್ತಿದೆ. ಬೆಂಗಳೂರಲ್ಲಿ ಪಿಜಿಯವರು ಆಧಾರ್ ನೋಡಿ ಗಂಡಸರ ಪಿಜಿಗೆ ಹೋಗು ಎಂದರು, ಗಂಡಸರ ಪಿಜಿಯವರು ಮುಖ ನೋಡಿ ಬಾಗಿಲು ಹಾಕಿದರು. ಕೊನೆಗೆ ಒಂದು ಕೋಣೆಗೆ ಮುಂಗಡ 60,000. ಅಷ್ಟನ್ನೂ ಸಾಲ ಮಾಡಿದೆ. ಬಾಡಿಗೆ 8,500. ಲೇಸರ್ ಒಂದು ಸಲಕ್ಕೆ 4,000. ಗಡ್ಡದ ಕೂದಲು ಹಾರ್ಮೋನ್‌ನಿಂದ ಹೋಗುವುದಿಲ್ಲ ಅನ್ನುವುದನ್ನು ತಲೆಯಲ್ಲಿಟ್ಟುಕೊಳ್ಳಿ. ಲೇಸರ್ ಹಿಡಿಯುವುದು ಕಪ್ಪು ಕೂದಲನ್ನು ಮಾತ್ರ. ಗದ್ದದಲ್ಲಿ ನನಗೆ ಬೇಗ ಬಿಳಿ ಬಂದಿತ್ತು, ಅದಕ್ಕೆ ಎಲೆಕ್ಟ್ರಾಲಿಸಿಸ್ ಬೇಕಾಯಿತು. ಒಂದೊಂದೇ ಕೂದಲಿಗೆ ಸೂಜಿ ಚುಚ್ಚಿ ಸುಡುತ್ತಾರೆ, ಗಂಟೆಗೆ 1,800. ಮೇಲ್ತುಟಿಗೆ ಬಂದಾಗ ಕುರ್ಚಿ ಕೈ ಹಿಡಿದು ಅತ್ತಿದ್ದೇನೆ.

ಆದರೂ ಹೋಗಿ ಅನ್ನುತ್ತೇನೆ. ಊರಲ್ಲಿದ್ದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಶಿರಾಳಕೊಪ್ಪದ ಹಿರಿಯಳು:
ಪತ್ರ, ಪಿಜಿ, ಲೇಸರ್, ಗಂಟೆಗೆ ಇಷ್ಟು. ಓದುತ್ತಾ ಬಂದೆ. ಇಷ್ಟೆಲ್ಲ ಹೇಳಿದವರು ಗುರು, ಅಂದರೆ ನಮ್ಮನ್ನು ಮಗಳಾಗಿ ಸೇರಿಸಿಕೊಳ್ಳುವ ಹಿರಿಯ ಹಿಜ್ರಾ, ಅನ್ನುವ ಮಾತನ್ನು ಒಬ್ಬರೂ ಎತ್ತಲಿಲ್ಲ.

ನನ್ನನ್ನು ಅಣ್ಣ ಮನೆಯಿಂದ ಹೊರಗೆ ಹಾಕಿದಾಗ ಮೈಮೇಲೆ ಒಂದು ಲುಂಗಿ, ಒಂದು ಶರ್ಟು. ಊಟ ಹಾಕಿದ್ದು ಹಮಾಮ್, ಹಿಜ್ರಾಗಳು ಒಟ್ಟಿಗಿರುವ ಮನೆ. ಸೀರೆ ಉಡಿಸಿದ್ದು ಗುರು. ನನ್ನ ನಿರ್ವಾಣದ, ಅಂದರೆ ಗಂಡು ಅಂಗ ತೆಗೆಸುವುದರ, ಖರ್ಚು ಪೂರ್ತಿ ಗುರುವೇ ಕೊಟ್ಟಳು. ಆಮೇಲೆ 40 ದಿನ ಕನ್ನಡಿ ನೋಡಬಾರದು, ಕೋಣೆ ಬಿಟ್ಟು ಬರಬಾರದು. ಅಷ್ಟು ದಿನವೂ ಬಿಸಿನೀರು ಕಾಯಿಸಿ ಕೊಟ್ಟು, ಗಾಯ ತೊಳೆದು, ರಾತ್ರಿ ಪಕ್ಕದಲ್ಲೇ ಮಲಗಿದಳು. ಯಾವ ಡಾಕ್ಟರ್ ಹಾಗೆ ಮಲಗುತ್ತಾನೆ? ಹೆತ್ತ ತಾಯಿ ಮಾಡಲಿಲ್ಲ, ಅವಳು ಮಾಡಿದಳು. ನಮಗೆ ಎದೆ ಬಂದದ್ದು ಮಾಲಾ-ಡಿ ಅನ್ನುವ ಗರ್ಭನಿರೋಧಕ ಮಾತ್ರೆ ನುಂಗಿ. ದುಬಾರಿ ಮಾತ್ರೆ ಯಾರು ಕಂಡಿದ್ದರು.

ನಮ್ಮವರೇ ಆದ ಮಂಜಮ್ಮ ಜೋಗತಿಗೆ 2021 ರಲ್ಲಿ ಪದ್ಮಶ್ರೀ ಬಂತು. ಜಾನಪದ ಅಕಾಡೆಮಿ ಅಧ್ಯಕ್ಷೆಯೂ ಆಗಿದ್ದರು. ಅವರು ಬಂದದ್ದು ಜೋಗತಿ ನೃತ್ಯದಿಂದ, ಎಲ್ಲಮ್ಮನ ಸೇವೆಯಿಂದ. ಈ ದಾರಿಯನ್ನು ಕೀಳಾಗಿ ನೋಡಬೇಡಿ.

ತೀರ್ಥಹಳ್ಳಿ ಕಡೆಯವಳು:
ಹಿರಿಯರು ಅನ್ನುವ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಮಾಲಾ-ಡಿ ಹೆಸರನ್ನು ಇಲ್ಲಿ ಹಾಕಬೇಡಿ. ಅದರಲ್ಲಿರುವುದು ಎಥಿನೈಲ್ ಎಸ್ಟ್ರಾಡಿಯಾಲ್. ಡಾಕ್ಟರ್ ಕೊಡುವ ಎಸ್ಟ್ರಾಡಿಯಾಲ್ ಅದಲ್ಲ. ಮಾಲಾ-ಡಿಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಎದೆ ಬೇಗ ಬರಲಿ ಅಂತ ದಿನಕ್ಕೆ ನಾಲ್ಕೈದು ನುಂಗುತ್ತಾರೆ. ಬೀಡಿ ಸಿಗರೇಟು ಸೇರಿದರೆ ಇನ್ನೂ ಕೆಟ್ಟದ್ದು. ನನ್ನ ಗೆಳತಿಯ ಕಾಲು ಊದಿ, ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಐಸಿಯುನಲ್ಲಿ ಇದ್ದಳು. ಬಿಲ್ 2,10,000. ನಾವೆಲ್ಲ ಚಂದಾ ಎತ್ತಿದೆವು.

ಶಿರಾಳಕೊಪ್ಪದ ಹಿರಿಯಳು:
ನಾನೇನು ನುಂಗು ಅಂದೆನಾ? ಇದ್ದದ್ದು ಹೇಳಿದೆ. ನಮಗೂ ಡಾಕ್ಟರ್ ಸಿಕ್ಕಿದ್ದರೆ ಹೋಗುತ್ತಿರಲಿಲ್ವಾ? ಚೀಟಿ ಬರೆಸಲು ಹೋದರೆ ಸಾಲಿನಿಂದ ಎಬ್ಬಿಸುತ್ತಿದ್ದರು.

ಬೆಂಗಳೂರು ಸೇರಿದ ಭದ್ರಾವತಿಯವಳು:
ಗುರು ಊಟ ಹಾಕಿದಳು, ಸರಿ. ಆಮೇಲೆ ವಸೂಲಿ ಮಾಡಲಿಲ್ವಾ? ನಾನೂ ಒಂದು ಹಮಾಮಿನಲ್ಲಿ ಇದ್ದವಳು. ದಿನದ ದುಡಿಮೆಯಲ್ಲಿ ಅರ್ಧ ಗುರುವಿಗೆ. ಬಿಟ್ಟು ಬರುತ್ತೇನೆ ಅಂದಾಗ 50,000 ದಂಡ ಹಾಕಿದರು. ಮಳೆಯಲ್ಲಿ ಸಿಗ್ನಲ್ ಹತ್ತಿರ ನಿಂತು ಸಂಪಾದಿಸಿದ್ದು ಅದು.

ಶಿರಾಳಕೊಪ್ಪದ ಹಿರಿಯಳು:
ನಿನ್ನ ಗುರು ಕೆಟ್ಟವಳಾಗಿದ್ದರೆ ನಿನ್ನ ಗುರುವನ್ನು ಬೈ. ನನ್ನ ಗುರು ಸತ್ತಾಗ ತಲೆಗೂದಲು ಕೊಟ್ಟವಳು ನಾನು. ಅವಳ ಬಗ್ಗೆ ಒಂದು ಮಾತು ಬೇಡ.

ಹೊಸನಗರದ ಅಮ್ಮ:
ನಾನು ತಾಯಿ. ನನ್ನ ಮಗಳು ಶುರು ಮಾಡಿ ಎರಡನೇ ಮಳೆಗಾಲ ಇದು. ಮೇಲೆ ಒಬ್ಬೊಬ್ಬರೂ ಹೆತ್ತವರನ್ನು ಬೈದದ್ದು ಓದಿ ಹೊಟ್ಟೆ ಉರಿಯಿತು. ಎಲ್ಲ ತಾಯಂದಿರೂ ಬಾಗಿಲು ಹಾಕುವವರಲ್ಲ.

ಎರಡು ಎಕರೆ ತೋಟ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿಯಿತು. ಔಷಧಿ ಹೊಡೆಯುವವನಿಗೆ ಕೊಡುವುದಾ, ಮಗಳ ಲೇಸರಿಗೆ ಕೊಡುವುದಾ ಅನ್ನುವ ಲೆಕ್ಕ ನಮ್ಮ ಮನೆಯಲ್ಲಿ ಪ್ರತಿ ತಿಂಗಳೂ ನಡೆಯುತ್ತದೆ. ಶಿವಮೊಗ್ಗದಲ್ಲಿ ಒಂದು ಸಲಕ್ಕೆ 3,500. ಲೇಸರ್ ಆದ ಮೇಲೆ ಬಿಸಿಲಿಗೆ ಹೋಗಬಾರದು, ಹಾಗಾಗಿ ಜೂನ್‌ನಲ್ಲೇ ಶುರು ಮಾಡಿಸಿದೆವು. ಮಲೆನಾಡಿನ ಮಳೆಗಾಲ ಅದಕ್ಕೆ ಹೇಳಿಮಾಡಿಸಿದ ಕಾಲ. ಮಧ್ಯೆ ಶೇವ್ ಮಾಡಬಹುದು, ದಾರದಿಂದ ಕೀಳಬಾರದು. ಬುಡವೇ ಕಿತ್ತುಹೋದರೆ ಲೇಸರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ನಮ್ಮ ಊರಿನ ಪಾರ್ಲರಿನವಳಿಗೆ ಇದು ತಿಳಿಯದೆ ಮೂರು ತಿಂಗಳ ದುಡ್ಡು ಹೋಯಿತು.

ಮೈದುನ ಬಂದು 'ಇನ್ನು ಅವನಿಗೆ ಪಾಲಿಲ್ಲ' ಎಂದ. ನಾನು ಕೇಳಿದೆ: ಗಂಡಾದರೂ ಪಾಲು, 2005 ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣಿಗೂ ಸಮಪಾಲು, ಹಾಗಾದರೆ ನನ್ನ ಮಗುವಿಗೆ ಇಲ್ಲದ್ದು ಎಲ್ಲಿ ಬರೆದಿದೆ? ಅವತ್ತಿನಿಂದ ಅವರ ಮನೆಗೆ ಹೋಗಿಲ್ಲ. ಆ ಮನೆಯ ಮದುವೆಗೂ ಹೋಗಲಿಲ್ಲ.

ಕೊಪ್ಪದವಳು:
ಕಾಗದದ ವಿಷಯ ಯಾರೂ ಎತ್ತಲಿಲ್ಲ, ನನಗೆ ಅದರಲ್ಲೇ ಹೆಚ್ಚು ತಲೆ ಕೆಟ್ಟದ್ದು. ಟ್ರಾನ್ಸ್‌ಜೆಂಡರ್ ಹಕ್ಕುಗಳ 2019 ರ ಕಾಯ್ದೆ, 2020 ರ ನಿಯಮ. ಗುರುತಿನ ಸರ್ಟಿಫಿಕೇಟಿಗೆ ನಾನು ಅರ್ಜಿ ಹಾಕಿದ್ದು ರಾಷ್ಟ್ರೀಯ ಪೋರ್ಟಲ್‌ನಲ್ಲಿ, ಜೊತೆಗೆ ಅಫಿಡವಿಟ್. ಆಗಿನ ನಿಯಮದಲ್ಲಿ ದೇಹ ಪರೀಕ್ಷೆ ಬೇಕಿರಲಿಲ್ಲ. ಆದರೂ ಒಂದು ಕಚೇರಿಯ ಗುಮಾಸ್ತ 'ಆಪರೇಷನ್ ಆಗಿದೆಯಾ, ಡಾಕ್ಟರ್ ಸರ್ಟಿಫಿಕೇಟ್ ತಾ' ಎಂದು ಎಲ್ಲರ ಎದುರು ಕೇಳಿದ. ನಿಯಮದ ಪ್ರತಿ ತೋರಿಸಿದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದ. 30 ದಿನದಲ್ಲಿ ಆಗಬೇಕಾದದ್ದು ಅಡಿಕೆ ಸುಗ್ಗಿ ಮುಗಿದರೂ ಆಗಲಿಲ್ಲ. ನೋಟರಿ, ಎರಡು ಪೇಪರ್ ಜಾಹೀರಾತು, ಜೆರಾಕ್ಸ್, ಬಸ್ಸು ಸೇರಿ 6,740. ಒಂದೊಂದು ರಸೀದಿಯನ್ನೂ ಇಟ್ಟಿದ್ದೇನೆ.

ಆಧಾರ್‌ನಲ್ಲಿ ಲಿಂಗ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಆಗ ಮೊದಲ ಸರ್ಟಿಫಿಕೇಟ್ ಬರುತ್ತಿದ್ದದ್ದು ಟ್ರಾನ್ಸ್‌ಜೆಂಡರ್ ಅಂತ. ಸ್ತ್ರೀ ಅಂತ ಬೇಕಾದರೆ ಆಪರೇಷನ್ ನಂತರ ಇನ್ನೊಂದು ಅರ್ಜಿ ಹಾಕಬೇಕಿತ್ತು. ಹಾಗಾಗಿ ಅಲ್ಲಿಯವರೆಗೆ ಆಧಾರ್ ಮುಟ್ಟದೆ ಕಾದೆ. ಕಾದದ್ದೇ ಸರಿ.

ಬೆಂಗಳೂರು ಸೇರಿದ ಭದ್ರಾವತಿಯವಳು:
ಕಾಯುವುದೇ ಸರಿ ಅಂತ ಹೇಗೆ ಹೇಳುತ್ತೀರಿ? ಕಾಯುವ ಅಷ್ಟೂ ವರ್ಷ ಬಾಡಿಗೆ ಮನೆಗೆ, ಕೆಲಸಕ್ಕೆ ಹಳೇ ಹೆಸರು ತೋರಿಸಬೇಕು. ನಾನು ತಕ್ಷಣ ಮಾಡಿಸಿದೆ. ಈಗ ಶಕ್ತಿ ಯೋಜನೆಯಲ್ಲಿ ದುಡ್ಡು ಕೊಡದೆ ಓಡಾಡುತ್ತೇನೆ. ಆ ಯೋಜನೆ ನಮಗೂ ಇದೆ.

ಕೊಪ್ಪದವಳು:
ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ತಾಯಿ. ನಮ್ಮ ಕಡೆ ಬರುವುದು ಪ್ರೈವೇಟ್ ಬಸ್. ನನ್ನ ಹಳ್ಳಿಗೆ ಇವತ್ತಿಗೂ ಕೆಂಪು ಬಸ್ ಬಂದಿಲ್ಲ. ಬೆಂಗಳೂರಲ್ಲಿ ಕೂತು ಮಲೆನಾಡಿನವರಿಗೆ ಬಸ್ ಪಾಠ ಹೇಳಬೇಡಿ.

ತೀರ್ಥಹಳ್ಳಿ ಕಡೆಯವಳು:
ಪ್ರೈವೇಟ್ ಬಸ್ಸಿನವರನ್ನು ಬೈಯಬೇಡಿ. ನನ್ನ ರೂಟಿನ ಕಂಡಕ್ಟರ್ ಮೊದಲ ವಾರ ಗುರಾಯಿಸಿದ. ಆಮೇಲೆ ಹೆಂಗಸರ ಸೀಟಿನಲ್ಲಿ ಅವನೇ ಜಾಗ ಮಾಡಿಸಿದ. ಊರಲ್ಲಿ ಜನಕ್ಕೆ ಮುಖ ಪರಿಚಯ ಇರುತ್ತದೆ, ಅದರಿಂದ ಹಿಂಸೆಯೂ ಇದೆ, ಆಸರೆಯೂ ಇದೆ.

ಬೆಂಗಳೂರು ಸೇರಿದ ಭದ್ರಾವತಿಯವಳು:
ಮುಖ ಪರಿಚಯ ಇದ್ದವರೇ ನನ್ನ ತಲೆ ಬೋಳಿಸಿದ್ದು.

ಹೊಸನಗರದ ಅಮ್ಮ:
ಜಗಳ ಸಾಕು. ಸಾಗರದ ಮಗಳೇ, ಇಷ್ಟು ಜನ ಬರೆದರೂ ಒಂದು ವಿಷಯ ಯಾರೂ ಹೇಳಲಿಲ್ಲ. ಮುಂದೆ ನಿನ್ನದೇ ಮಗು ಬೇಕು ಅನ್ನಿಸಬಹುದು ಅಂತಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ವೀರ್ಯವನ್ನು ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಸಿ ಇಡಿಸು. ಹಾರ್ಮೋನ್ ತೆಗೆದುಕೊಳ್ಳುತ್ತಾ ಹೋದ ಹಾಗೆ ಅದು ಕಡಿಮೆಯಾಗುತ್ತದೆ. ಮರಳಿ ಬರುತ್ತದೆ ಅಂತ ಯಾರೂ ಖಾತ್ರಿ ಕೊಡುವುದಿಲ್ಲ. ನನ್ನ ಮಗಳಿಗೆ ಮೊದಲ ಡಾಕ್ಟರ್ ಈ ಮಾತೇ ಎತ್ತಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಶಿರಾಳಕೊಪ್ಪದ ಹಿರಿಯಳು:
ಮಗು ಅಂದರೆ ಹೊಟ್ಟೆಯದೇ ಆಗಬೇಕಾ? ನನ್ನನ್ನು ಗುರು ಅನ್ನುವ ಚೇಲಾಗಳು ಏಳು ಜನ ಇದ್ದಾರೆ.

ಹೊಸನಗರದ ಅಮ್ಮ:
ಬೇಕಾ ಬೇಡವಾ ಅನ್ನುವುದು ಅವಳಿಗೆ ಬಿಟ್ಟದ್ದು. ಕೇಳುವವರಾದರೂ ಇರಬೇಕಲ್ವಾ? ನನ್ನವಳನ್ನು ಯಾರೂ ಕೇಳಲಿಲ್ಲ.

ಸಾಗರದ ಹುಡುಗಿ:
ನನಗೂ ಯಾರೂ ಹೇಳಿರಲಿಲ್ಲ. ಎಷ್ಟು ಖರ್ಚು ಬರುತ್ತದೆ? ಎಲ್ಲಿ ಮಾಡುತ್ತಾರೆ?

ಕೊಪ್ಪದವಳು:
ನಾನು ಮಂಗಳೂರಲ್ಲಿ ಮಾಡಿಸಿದೆ. ಮೊದಲು ಎಚ್‌ಐವಿ, ಹೆಪಟೈಟಿಸ್ ರಕ್ತ ಪರೀಕ್ಷೆ, 2,600. ಇಡುವುದಕ್ಕೆ 9,000, ಆಮೇಲೆ ವರ್ಷ ವರ್ಷ 5,000. ಕಟ್ಟುವ ದಿನ ಮರೆತರೆ ಏನು ಮಾಡುತ್ತಾರೆ ಅಂತ ಕರಾರಿನಲ್ಲಿ ಓದಿಯೇ ಸಹಿ ಹಾಕು. ಸ್ಯಾಂಪಲ್ ಕೊಡುವ ಮೊದಲು ಎರಡು ಮೂರು ದಿನ ತಡೆಯಬೇಕು ಎಂದಿದ್ದರು. ರಸೀದಿ ಹಳೇ ಹೆಸರಲ್ಲಿ ಕೊಡುತ್ತಾರೆ. ಹೆಸರು ಬದಲಾದ ಮೇಲೆ ಅಫಿಡವಿಟ್ ಪ್ರತಿ ತೆಗೆದುಕೊಂಡು ಹೋಗಿ ಅವರ ದಾಖಲೆಯಲ್ಲೂ ಬದಲು ಮಾಡಿಸು, ಇಲ್ಲದಿದ್ದರೆ ಮುಂದೆ ಅದು ನಿನ್ನದೇ ಅಂತ ಸಾಬೀತು ಮಾಡಲು ಒದ್ದಾಡಬೇಕು. ಶುರುವಿಗೆ ಇನ್ನೂ ಒಂದು ತಿಂಗಳು ಇದೆಯಲ್ಲ, ನಾಳೆಯೇ ಫೋನ್ ಮಾಡಿ ದಿನ ತೆಗೆದುಕೋ.