ಗಣಿಯ ಆಮ್ಲನೀರಿಗೆ ಯಾವ ಖನಿಜ ಗಿಟ್ಟುತ್ತದೆ?

ಕಲ್ಲುಗಾಣ:
ಮೇಘಾಲಯದ ಜೈಂತಿಯಾ ಬೆಟ್ಟದಲ್ಲಿ ಬಿಟ್ಟುಹೋದ ಕಲ್ಲಿದ್ದಲು ಗಣಿಯೊಂದರ ಬಾಯಿಂದ ಆಮ್ಲನೀರು ಒಸರುತ್ತಿದೆ. ಬೇಸಿಗೆಯ ಅಳತೆ: ಸೆಕೆಂಡಿಗೆ 0.5 ಲೀಟರ್, ಪಿಎಚ್ 2.9, ಫೆರಸ್ (ಇನ್ನೂ ಉತ್ಕರ್ಷಿಸದ) ಕಬ್ಬಿಣ 90, ಫೆರಿಕ್ (ಉತ್ಕರ್ಷಿಸಿದ) 30, ಅಲ್ಯೂಮಿನಿಯಂ 25, ಮ್ಯಾಂಗನೀಸ್ 4, ಸಲ್ಫೇಟ್ 700 (ಲೀಟರಿಗೆ ಮಿ.ಗ್ರಾಂ). ಕರೆಂಟಿಲ್ಲ. ಸಂಶೋಧನಾ ಪ್ರಬಂಧ ಓದಿದರೆ ಜಿಯೋಲೈಟ್ (ಲೋಹದ ಅಯಾನು ಹಿಡಿದುಕೊಳ್ಳುವ ಖನಿಜ), ಬೆಂಟೋನೈಟ್ (ಒಂದು ಬಗೆಯ ಜೇಡಿಮಣ್ಣು), ಹಾರುಬೂದಿ, ರೆಡ್ ಮಡ್ (ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರು) ಎಲ್ಲವೂ ಅದ್ಭುತವೇ. ಅದೇ ಬೆಟ್ಟಸೀಮೆಯ ಲುಮ್ಶ್ನಾಂಗ್ ಕಡೆ ಸುಣ್ಣಕಲ್ಲು ಧಾರಾಳವಾಗಿ ಸಿಗುತ್ತದೆ. ಯಾವುದು ನಿಜಕ್ಕೂ ನಡೆಯುತ್ತದೆ?

ಸುಣ್ಣದಗೂಡು:
ಶೇಕಡಾವಾರು ಬಿಡಿ, ದಿನಕ್ಕೆ ಎಷ್ಟು ಕೆಜಿ ಆಮ್ಲ ಅಂತ ನೋಡಿ. ಪ್ರತಿ ಲೋಹದ ಅಂಕಿಯನ್ನು ಅದರ ಪರಮಾಣು ತೂಕದಿಂದ ಭಾಗಿಸಿ. ಫೆರಸ್, ಮ್ಯಾಂಗನೀಸ್ ಆದರೆ 2ರಿಂದ, ಫೆರಿಕ್, ಅಲ್ಯೂಮಿನಿಯಂ ಆದರೆ 3ರಿಂದ ಗುಣಿಸಿ. ಪಿಎಚ್ 2.9ರ ಬಾಬ್ತು 1.26 ಕೂಡಿಸಿ. ಮೊತ್ತ ಲೀಟರಿಗೆ ಸುಮಾರು 9 ಮಿಲಿ ಈಕ್ವಿವಲೆಂಟ್ (ಆಮ್ಲದ ಹೊರೆ ಎಣಿಸುವ ಏಕಮಾನ). ಅದನ್ನು 50ರಿಂದ ಗುಣಿಸಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 450 ಮಿ.ಗ್ರಾಂ. ನೀರು ದಿನಕ್ಕೆ 43 ಘನ ಮೀಟರ್, ಅಂದರೆ ಆಮ್ಲ 19.5 ಕೆಜಿ. 90% ಶುದ್ಧ ಸುಣ್ಣಕಲ್ಲು ವರ್ಷಕ್ಕೆ 8 ಟನ್ ಕರಗುತ್ತದೆ, ಅಷ್ಟೇ.

ಈಗ ಜಿಯೋಲೈಟ್. ಗ್ರಾಂಗೆ 1 ಮಿಲಿ ಈಕ್ವಿವಲೆಂಟ್ ವಿನಿಮಯ ಸಿಕ್ಕರೆ ಪುಣ್ಯ. ನಿಮ್ಮ ನೀರಿನಲ್ಲಿ ಲೀಟರಿಗೆ 9 ಇದೆ, ಹಾಗಾಗಿ ದಿನಕ್ಕೆ 390 ಕೆಜಿ ಬೇಕು! ನೂರು ಮಿಲಿ ಫ್ಲಾಸ್ಕಿಗೆ 5 ಗ್ರಾಂ ಹಾಕಿ ಅಲ್ಲಾಡಿಸಿದವರಿಗೆ ಈ ಕಷ್ಟ ಕಾಣುವುದಿಲ್ಲ. ಕೊನೆಯಲ್ಲಿ ಉಳಿದ ಸ್ವಲ್ಪ ಸತು, ಸೀಸ ಹಿಡಿಯಲು ಮಾತ್ರ ಅದು ಸರಿ. ಬೆಂಟೋನೈಟ್ ಉಬ್ಬಿಕೊಂಡು ನೀರನ್ನೇ ಬಿಡುವುದಿಲ್ಲ. ಕೊಳದ ತಳ ಸೋರದಂತೆ ಹಾಸಲು ಬಳಸಿ.

ಕಲ್ಲುಗಾಣ:
ಹಾಗಾದರೆ ಕಾಲುವೆಗೆ 20 ಎಂಎಂ ಸುಣ್ಣಕಲ್ಲಿನ ಜಲ್ಲಿ ಸುರಿದರೆ ಸಾಲದೇ ಸರ್?

ತಳಗಟ್ಟು:
ಸಾಲದು. ಫೆರಿಕ್ ಕಬ್ಬಿಣ ಕಲ್ಲಿಗೆ ಕಿತ್ತಳೆ ತೊಗಟೆ ಕಟ್ಟುತ್ತದೆ, ಪಿಎಚ್ 4.5 ದಾಟುತ್ತಿದ್ದಂತೆ ಅಲ್ಯೂಮಿನಿಯಂ ಬಿಳಿ ಲೋಳೆಯಾಗಿ ಸಂದಿ ಮುಚ್ಚುತ್ತದೆ. ತೆರೆದ ಕಾಲುವೆಗೆ 10% ಮೀರಿದ ಇಳಿಜಾರು, 15-30 ಸೆಂ.ಮೀ. ಗಾತ್ರದ ಕಲ್ಲು ಬೇಕು. ಆಗ ರಭಸಕ್ಕೆ ತೊಗಟೆ ಕಿತ್ತುಹೋಗುತ್ತದೆ, ಆದರೂ ಅದೊಂದೇ ನಿಮ್ಮ ಹೊರೆ ಇಳಿಸದು. ಮಣ್ಣಡಿಯ ಮುಚ್ಚಿದ ಕಲ್ಲುಚರಂಡಿಗೆ ಫೆರಿಕ್, ಅಲ್ಯೂಮಿನಿಯಂ, ಕರಗಿದ ಆಮ್ಲಜನಕ ಮೂರೂ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಅದೂ ಹೋಯಿತು.

ಉಳಿದದ್ದು ನೀರು ಮೇಲಿಂದ ಕೆಳಕ್ಕೆ ಇಳಿಯುವ ಕೊಳ: ತಳದಲ್ಲಿ ತೂತಿನ ಪೈಪು, ಮೇಲೆ 60 ಸೆಂ.ಮೀ. ಸುಣ್ಣಕಲ್ಲು, ಅದರ ಮೇಲೆ 40 ಸೆಂ.ಮೀ. ಹಳೆಯ ಸಗಣಿಗೊಬ್ಬರ ಮತ್ತು ಹುಲ್ಲು, ಮೇಲೆ ನಿಂತ ನೀರು. ಗೊಬ್ಬರದ ಪದರ ಆಮ್ಲಜನಕ ತಿಂದು ಫೆರಿಕ್ಕನ್ನು ಫೆರಸ್ ಮಾಡುವುದರಿಂದ ತೊಗಟೆ ಕಟ್ಟುವುದಿಲ್ಲ. ಚದರ ಮೀಟರಿಗೆ ದಿನಕ್ಕೆ 30 ಗ್ರಾಂ ಆಮ್ಲದಂತೆ 650 ಚದರ ಮೀಟರ್ ಬೇಕು. ವರ್ಷಕ್ಕೆ ಕರಗುವುದು 8 ಟನ್ನಾದರೂ ಹಾಸಬೇಕಾದ್ದು 580 ಟನ್! ಒಂದೇ ಕೊಳ ಲೀಟರಿಗೆ 200-300 ಮಿ.ಗ್ರಾಂ ಕ್ಷಾರೀಯತೆಗಿಂತ (ಆಮ್ಲ ತಣಿಸುವ ಶಕ್ತಿ) ಹೆಚ್ಚು ಕೊಡದು, ನಿಮಗೆ ಬೇಕಿರುವುದು 450, ಅದಕ್ಕೆ ಎರಡಾಗಿ ಒಡೆದು ನಡುವೆ ಹೂಳುಗೊಳ ಇಡಿ. ಅಲ್ಯೂಮಿನಿಯಂ ಕಟ್ಟಿಕೊಳ್ಳದಂತೆ ತಳದ ವಾಲ್ವ್ ಆಗಾಗ ಪೂರ್ತಿ ತೆಗೆದು ತೊಳೆಯಿರಿ.

ಕಲ್ಲು ಕೊಳ್ಳುವಾಗ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡಿ. ಜೋರಾಗಿ ನೊರೆ ಬರಬೇಕು. ಪುಡಿ ಮಾಡಿದರಷ್ಟೇ ನೊರೆ ಬಂದರೆ ಅದು ಡಾಲಮೈಟ್, ತೀರಾ ನಿಧಾನ. ಬಕೆಟ್ ತುಂಬ ಜಲ್ಲಿ ಹಾಕಿ, ಸಂದಿ ತುಂಬುವಷ್ಟು ಗಣಿನೀರು ಹೊಯ್ದು, ಮುಚ್ಚಿಟ್ಟು, 15 ಗಂಟೆ ಬಿಟ್ಟು ಕ್ಷಾರೀಯತೆ ಅಳೆಯಿರಿ.

ಬೂದಿಗುಡ್ಡ:
ಆ ಇಳಿಜಾರಿನಲ್ಲಿ 650 ಚದರ ಮೀಟರ್ ಮಟ್ಟಸ ಜಾಗ ಸಿಗದಿದ್ದರೆ ನೀರಿನ ಚಕ್ರದಿಂದ ತಿರುಗುವ ಡೋಸರ್ (ಅಳತೆಯಂತೆ ಪುಡಿ ಉದುರಿಸುವ ಯಂತ್ರ) ಇಟ್ಟು ಅರಳಿದ ಸುಣ್ಣ ಉದುರಿಸಿ, 85% ಶುದ್ಧವಾದರೆ ದಿನಕ್ಕೆ 17 ಕೆಜಿ. ಫೆರಸ್ ಬೇಗ ಇಳಿಯಲು ಪಿಎಚ್ 8.5ರ ಆಸುಪಾಸು ಬೇಕು. 9 ದಾಟಿದರೆ ಅಲ್ಯೂಮಿನಿಯಂ ಮತ್ತೆ ಕರಗುತ್ತದೆ. ಆದರೆ ಅದರ ಹಾಪರ್ (ಸುಣ್ಣದ ತೊಟ್ಟಿ) ತುಂಬಲು ಆಳು ಬೇಕು, ತೇವಕ್ಕೆ ಸುಣ್ಣ ಗಟ್ಟಿಯಾಗಿ ಕೂತರೆ ಡೋಸ್ ನಿಂತೇ ಹೋಗುತ್ತದೆ.

ನಮ್ಮ ದೇಶದ ಹಾರುಬೂದಿಯಲ್ಲಿ ಸುಣ್ಣದಂಶ ಕಡಿಮೆ, ಆರ್ಸೆನಿಕ್, ಬೋರಾನ್ ಬಿಡುವ ಅಪಾಯವೂ ಇದೆ. ರೆಡ್ ಮಡ್‌ಗೆ ಕ್ಷಾರವೇನೋ ಇದೆ, ಜೊತೆಗೆ ಸೋಡಿಯಂ ಹೊಳೆಗಿಳಿಯುತ್ತದೆ. ಬೆಳಗಾವಿಯಿಂದ ಅಲ್ಲಿಗೆ ಲಾರಿ ಬಾಡಿಗೆ ಕೊಡುವವರಾರು? ಸ್ಥಳೀಯ ಸಿಮೆಂಟ್ ಗೂಡಿನ ಧೂಳು ಪರೀಕ್ಷಿಸಬಹುದು, ಕ್ಲೋರೈಡ್ ಮತ್ತು ಭಾರಲೋಹ ನೋಡಿಕೊಂಡು.

ಇನ್ನೂ ಕೆಲವು ಮಾತು. ಲೀಟರಿಗೆ 8 ಮಿ.ಗ್ರಾಂ ಆಮ್ಲಜನಕ ಸುಮಾರು 55 ಮಿ.ಗ್ರಾಂ ಫೆರಸ್ಸನ್ನಷ್ಟೇ ಉತ್ಕರ್ಷಿಸುತ್ತದೆ, ಆದ್ದರಿಂದ ಎರಡು ಕಡೆ ಮೆಟ್ಟಿಲು ಜಲಪಾತ ಇಡಿ. ಒಣ ತೂಕದಲ್ಲಿ ದಿನಕ್ಕೆ 13 ಕೆಜಿ ಕೆಸರು, 3% ಗಟ್ಟಿಯಾದರೆ 430 ಲೀಟರ್. ಹೊರಬಿಡುವ ನೀರಿಗೆ ಮ್ಯಾಂಗನೀಸ್ ಮಿತಿ ಲೀಟರಿಗೆ 2 ಮಿ.ಗ್ರಾಂ, ನಿಮ್ಮದು 4. ಕಬ್ಬಿಣ ಪೂರ್ತಿ ಹೋದಮೇಲೆ ಆಳವಿಲ್ಲದ ಇನ್ನೊಂದು ಸುಣ್ಣಕಲ್ಲಿನ ಹಾಸು ಇಡಿ, ಕಲ್ಲಿಗೆ ಕಪ್ಪು ಪೊರೆ ಕಟ್ಟಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ಎಲ್ಲಕ್ಕೂ ಮುಂಚೆ ಜುಲೈ ತಿಂಗಳ ಹರಿವು ಅಳೆದು ಇಲ್ಲಿ ಹಾಕಿ, ಕೊಳದ ಅಳತೆ ಅದರ ಮೇಲೆಯೇ ನಿಂತಿದೆ.