ಮಗಳಿಗೆ ಕಾಲೇಜು, ತಂಗಿಯ ಮಗನಿಗೆ ಎಂಎಸ್: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬಂದ ಮೇಲೆ ನಮ್ಮನೇಲಿ ಇದೇ ಮೊದಲ ಕಾಲೇಜ್ ಅಪ್ಲಿಕೇಶನ್. ಮಗಳು ಈಗ 11ನೇ ಕ್ಲಾಸ್. ನಾವು ಎಚ್-1ಬಿ (ಕೆಲಸದ ವೀಸಾ), ಅವಳು ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ). ಊರಲ್ಲಿ ತಂಗಿಯ ಮಗ ಬಿಇ ಕೊನೇ ವರ್ಷ, ಇಲ್ಲಿಗೆ ಎಂಎಸ್‌ಗೆ ಬರ್ತಾನಂತೆ. ಇಬ್ಬರೂ ನನ್ನನ್ನೇ ಕೇಳ್ತಿದ್ದಾರೆ.

ಉತ್ತರ: ಅಕ್ಕಾ, ಮಗಳ ವಿಷಯ ಹೇಳ್ತೀನಿ. ಎಸ್ಸೇ, ಎಸ್ಎಟಿ (ಕಾಲೇಜು ಪ್ರವೇಶದ ಪರೀಕ್ಷೆ) ಎಲ್ಲ ಆಮೇಲೆ. ಮೊದಲು ವೀಸಾ ಮತ್ತು ದುಡ್ಡು. ಎಚ್-4 ಮಕ್ಕಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ಗ್ರ್ಯಾಂಟೂ ಇಲ್ಲ, ಫೆಡರಲ್ ಸಾಲವೂ ಇಲ್ಲ. (ಇಲ್ಲೇ ಹುಟ್ಟಿದ ಮಕ್ಕಳಿರೋರು ಗಮನಿಸಿ: ಮಗು ಸಿಟಿಜನ್ ಆಗಿದ್ದರೆ ಅಪ್ಪ-ಅಮ್ಮ ಎಚ್-1ಬಿಯಲ್ಲಿದ್ದರೂ ಫ್ಯಾಫ್ಸಾ, ಅಂದರೆ ಫೆಡರಲ್ ಏಡ್‌ನ (ಹಣದ ನೆರವಿನ) ಅರ್ಜಿ, ತುಂಬಬಹುದು. ನಮಗೆ ಬರಲ್ಲ ಅಂತ ಸುಮ್ಮನೆ ಬಿಡಬೇಡಿ.) ಪಟ್ಟಿಯಲ್ಲಿರೋ ಪ್ರತಿ ಕಾಲೇಜಿಗೂ ಮಗಳ ಕೈಯಲ್ಲೇ ಇಮೇಲ್ ಬರೆಸಿ ಮೂರು ವಿಷಯ ಕೇಳಿಸಿ. ಅಡ್ಮಿಷನ್‌ನಲ್ಲಿ ಎಚ್-4 ವಿದ್ಯಾರ್ಥಿಯನ್ನು ಡೊಮೆಸ್ಟಿಕ್ ಅಂತ ನೋಡ್ತೀರಾ, ಇಂಟರ್‌ನ್ಯಾಷನಲ್ ಅಂತಲಾ? ಕಾಲೇಜಿನ ಸ್ವಂತ ಏಡ್ ಕೊಡುವಾಗ? ಸರ್ಕಾರಿ ಯೂನಿವರ್ಸಿಟಿಯಾದರೆ ಇನ್-ಸ್ಟೇಟ್ ಫೀಸ್ (ಅದೇ ರಾಜ್ಯದವರಿಗಿರೋ ಕಡಿಮೆ ಫೀಸ್) ಸಿಗುತ್ತಾ? ಒಂದೇ ಕಾಲೇಜಿನಲ್ಲೇ ಮೊದಲೆರಡಕ್ಕೆ ಬೇರೆ ಬೇರೆ ಉತ್ತರ ಬರೋದುಂಟು. ಇನ್-ಸ್ಟೇಟ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫೋನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ, ಉತ್ತರ ಬರಹದಲ್ಲಿರಲಿ. ಕಾಲೇಜುಗಳ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ಏಡ್ ಕಳೆದು ಕೈಯಿಂದ ಎಷ್ಟು ಕಟ್ಟಬೇಕು ಅಂತ ಅಂದಾಜು ಹೇಳೋದು) ಇರುತ್ತೆ, ಆದರೆ ಅದು ಸಾಮಾನ್ಯವಾಗಿ ಫೆಡರಲ್ ಏಡ್ ಸಿಗೋ ವಿದ್ಯಾರ್ಥಿಗಳ ಲೆಕ್ಕ. ಎಚ್-4ಗೆ ಆ ಮೊತ್ತ ಹಿಡಿದು ಬಜೆಟ್ ಹಾಕಿದರೆ ಮೋಸ ಹೋಗ್ತೀರಿ.

ಎರಡನೇದು 21ನೇ ಹುಟ್ಟುಹಬ್ಬ. ಅವತ್ತಿಗೆ ಎಚ್-4 ಮುಗೀತು, ಅದು ಸಾಮಾನ್ಯವಾಗಿ ಡಿಗ್ರಿಯ ಮಧ್ಯದಲ್ಲೇ ಬರುತ್ತೆ. ಜೊತೆಗೆ ಎಚ್-4 ಮಕ್ಕಳು ಸಂಬಳದ ಕೆಲಸ ಮಾಡೋ ಹಾಗಿಲ್ಲ, ಕ್ಯಾಂಪಸ್ ಲೈಬ್ರರಿಯಲ್ಲೂ ಇಲ್ಲ. ಗೆಳೆಯರೆಲ್ಲ ಇಂಟರ್ನ್‌ಶಿಪ್‌ಗೆ ಹೋಗುವಾಗ ಇವರು ಮನೇಲಿ. ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾಯಿಸಿಕೊಂಡರೆ ಸಿಪಿಟಿ (ಓದುವಾಗಲೇ ಕೋರ್ಸಿನ ಭಾಗವಾಗಿ ಕೆಲಸ), ಓಪಿಟಿ (ಓದಿದ ವಿಷಯದಲ್ಲೇ ಕೆಲಸದ ಅನುಮತಿ, ಹೆಚ್ಚಾಗಿ ಡಿಗ್ರಿ ಮುಗಿದ ಮೇಲೆ) ದಾರಿ ತೆರೆಯುತ್ತೆ, ಆದರೆ ಆ ಅರ್ಜಿ ತಿಂಗಳುಗಟ್ಟಲೆ ಕೂತಿರಬಹುದು. ಗ್ರೀನ್ ಕಾರ್ಡ್ ಅರ್ಜಿ ಮುಂದೆ ಸಾಗಿದ್ದರೆ ತೊಡಕೂ ಬರಬಹುದು. ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಬೇಡಿ.

ಇನ್ನು ಅಪ್ಲಿಕೇಶನ್. ಬೇಸಿಗೆ ರಜೆಗೆ ಮುಂಚೆಯೇ, ಈ ವರ್ಷ ಪಾಠ ಮಾಡಿದ ಇಬ್ಬರು ಟೀಚರ್‌ಗಳನ್ನು ಶಿಫಾರಸು ಪತ್ರಕ್ಕೆ ಕೇಳಲಿ. ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಇಂಗ್ಲಿಷ್ ಅಥವಾ ಇತಿಹಾಸದವರಾದರೆ ಎಲ್ಲ ಕಡೆಗೂ ಹೊಂದುತ್ತೆ. ಸೆಪ್ಟೆಂಬರ್‌ಗೆ ಕೇಳಿದರೆ ಆ ಟೀಚರ್ ಮುಂದೆ ಆಗಲೇ ದೊಡ್ಡ ಸಾಲು ನಿಂತಿರುತ್ತೆ. ಪತ್ರ ನೋಡೋ ಹಕ್ಕು ಬಿಟ್ಟುಕೊಡ್ತೀಯಾ ಅಂತ ಫಾರಂ ಕೇಳುತ್ತೆ, ಹೌದು ಅಂತಲೇ ಗುರುತು ಹಾಕಲಿ. ಇಲ್ಲದಿದ್ದರೆ ಓದುವವರು ಆ ಪತ್ರವನ್ನು ಪೂರ್ತಿ ನಂಬೋದಿಲ್ಲ.

ಕಾಮನ್ ಆ್ಯಪ್ (ತುಂಬಾ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕೋ ವೆಬ್‌ಸೈಟ್) ಆಗಸ್ಟ್ 1ಕ್ಕೆ ತೆರೆಯುತ್ತೆ. ಮುಖ್ಯ ಎಸ್ಸೇ ಗರಿಷ್ಠ 650 ಪದ. ಎಲ್ಲರೂ ಅದಕ್ಕೇ ತಲೆ ಕೆಡಿಸಿಕೊಳ್ತಾರೆ, ಆಕ್ಟಿವಿಟಿ ಪಟ್ಟಿಯನ್ನು ಕೊನೇ ರಾತ್ರಿ ತುಂಬ್ತಾರೆ. ನನ್ನ ಕೇಳಿದರೆ ಅದು ಉಲ್ಟಾ ಆಗಬೇಕು. ಅಲ್ಲಿರೋದು 10 ಜಾಗ, ಪ್ರತಿಯೊಂದರ ವಿವರಕ್ಕೆ 150 ಅಕ್ಷರ, ಸ್ಪೇಸ್ ಕೂಡ ಸೇರಿ. ‘ಕನ್ನಡ ಶಾಲೆಯಲ್ಲಿ ಸ್ವಯಂಸೇವೆ, ನಾಯಕತ್ವ ಗುಣ ಬೆಳೆಸಿಕೊಂಡೆ’ ಅಂತ ಬರೆದರೆ ಓದಿದವರಿಗೆ ಏನೂ ಕಾಣಿಸಲ್ಲ. ‘ಪ್ರತಿ ಭಾನುವಾರ 6-8 ವಯಸ್ಸಿನ 12 ಮಕ್ಕಳಿಗೆ ಅಕ್ಷರ ಕಲಿಸಿದೆ; ಒತ್ತಕ್ಷರಕ್ಕೆ 40 ಚಿತ್ರ ಕಾರ್ಡ್ ಮಾಡಿದೆ’ ಅಂದರೆ ಕೆಲಸ ಕಣ್ಣಿಗೆ ಕಟ್ಟುತ್ತೆ. ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಅಂತಲೂ ಕೇಳ್ತಾರೆ. ಹತ್ತನ್ನೂ ಕೂಡಿ ನೋಡಿ. ವಾರಕ್ಕೆ 60 ಗಂಟೆ ಬಂದರೆ ಯಾರೂ ನಂಬಲ್ಲ. ಮನೇಲಿ ಅಜ್ಜಿಯನ್ನೋ ತಮ್ಮನನ್ನೋ ನೋಡಿಕೊಳ್ಳೋದೂ ಅಲ್ಲಿ ಬರೆಯಬಹುದಾದ ಕೆಲಸವೇ.

ಎಸ್ಸೇ ಬಗ್ಗೆ ಒಂದೇ ಮಾತು: ರಂಗಪ್ರವೇಶ, ಬೇಸಿಗೆಯಲ್ಲಿ ಊರಿಗೆ ಹೋಗಿ ಬಡತನ ಕಂಡಿದ್ದು, ಇವನ್ನು ಬರೆಯಬಾರದು ಅಂತಲ್ಲ, ಆದರೆ ನಮ್ಮ ಮಕ್ಕಳಲ್ಲಿ ತುಂಬಾ ಜನ ಅದನ್ನೇ ಬರೀತಾರೆ. ತಿದ್ದಲು ಕೂತ ಅಪ್ಪಂದಿರು ಆಫೀಸ್ ಇಂಗ್ಲಿಷ್ ತುಂಬಿದರೆ 17ರ ಹುಡುಗಿಯ ದನಿ ಅಲ್ಲಿಗೆ ಸತ್ತ ಹಾಗೆ.

ಅರ್ಲಿ ಡಿಸಿಷನ್ ಅಂದರೆ ಒಂದೇ ಕಾಲೇಜಿಗೆ ಬೇಗ ಅರ್ಜಿ ಹಾಕಿ, ಸೀಟ್ ಸಿಕ್ಕರೆ ಅಲ್ಲೇ ಸೇರ್ತೀನಿ ಅನ್ನೋ ಒಪ್ಪಂದ. ಮಗಳು, ನೀವು, ಕೌನ್ಸೆಲರ್ ಮೂವರೂ ಸಹಿ ಹಾಕ್ತೀರಿ. ಸೀಟ್ ಸಿಕ್ಕರೆ ಬೇರೆ ಕಾಲೇಜಿನ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡೋ ಅವಕಾಶ ಹೋಯ್ತು. ಫೀಸ್ ಲೆಕ್ಕ ಖಚಿತವಿಲ್ಲದವರಿಗೆ ಅರ್ಲಿ ಆ್ಯಕ್ಷನ್ (ಬೇಗ ಅರ್ಜಿ, ಆದರೆ ಸೇರಲೇಬೇಕು ಅಂತಿಲ್ಲ) ಸಾಕು. ಕ್ಯಾಲಿಫೋರ್ನಿಯಾದ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಪ್ಲಿಕೇಶನ್ನೇ ಬೇರೆ: 8 ಪ್ರಶ್ನೆಯಲ್ಲಿ 4ಕ್ಕೆ 350 ಪದದೊಳಗೆ ಉತ್ತರ, ಎಸ್ಎಟಿ ನೋಡಲ್ಲ. ಗ್ರೇಡ್‌ಗಳನ್ನು ನಾವೇ ತುಂಬಬೇಕು. ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟುಕೊಂಡೇ ತುಂಬಿ, ಆಮೇಲೆ ತಾಳೆಯಾಗದಿದ್ದರೆ ಸಿಕ್ಕ ಸೀಟೂ ರದ್ದಾಗಬಹುದು.

ಸಬ್ಮಿಟ್ ಒತ್ತಿದಲ್ಲಿಗೆ ಮುಗಿಯಲ್ಲ. ಪ್ರತಿ ಕಾಲೇಜೂ ಪೋರ್ಟಲ್ ಲಾಗಿನ್ ಕಳಿಸುತ್ತೆ, ಯಾವ ಕಾಗದ ಬಂದಿಲ್ಲ ಅಂತ ಅಲ್ಲೇ ತೋರಿಸುತ್ತೆ. ಆ ಇಮೇಲ್ ಸ್ಪ್ಯಾಮ್‌ಗೆ ಬಿದ್ದಿದ್ದು ಗೊತ್ತಾಗದೆ ಫೈಲ್ ಅರ್ಧಕ್ಕೇ ನಿಂತಿರುತ್ತೆ.

ಇನ್ನೊಬ್ಬರ ಉತ್ತರ: ತಂಗಿಯ ಮಗನ ವಿಷಯಕ್ಕೆ ನಾನು ಸೇರಿಸ್ತೀನಿ ಮೇಡಂ. ಅವನ ಫೈಲ್ ನೋಡೋರು ವಿಭಾಗದ ಪ್ರೊಫೆಸರ್‌ಗಳು, ನಾಟಕ-ಕ್ರಿಕೆಟ್ ಅವರಿಗೆ ಬೇಡ. ಎಂಎಸ್‌ಗೆ ಬಹುತೇಕ ಕೈಯಿಂದಲೇ ದುಡ್ಡು; ಪಿಎಚ್‌ಡಿಗೆ ವಿಜ್ಞಾನ-ಎಂಜಿನಿಯರಿಂಗ್‌ನಲ್ಲಿ ಸಾಮಾನ್ಯವಾಗಿ ಫೀಸ್ ಮನ್ನಾ, ಮೇಲೆ ಸ್ಟೈಪೆಂಡ್. ರಿಸರ್ಚ್ ಆಸಕ್ತಿ ನಿಜವಾಗಿದ್ದರೆ ನೇರ ಪಿಎಚ್‌ಡಿಗೂ ಹಾಕಲಿ, ಬಿಇ ಮೇಲೆಯೇ ತಗೊಳ್ಳೋ ವಿಭಾಗಗಳು ಬೇಕಾದಷ್ಟಿವೆ. ಅವುಗಳ ಕೊನೇ ದಿನಾಂಕ ಹೆಚ್ಚಾಗಿ ಡಿಸೆಂಬರ್‌ನಲ್ಲಿ.

ಹೆಚ್ಚು ಕೆಡೋದು ಪತ್ರಗಳಲ್ಲಿ. ನೀನೇ ಬರ್ಕೊಂಡು ಬಾಪ್ಪ, ಸಹಿ ಹಾಕ್ತೀನಿ ಅನ್ನೋ ಮೇಷ್ಟ್ರುಗಳು ನಮ್ಮಲ್ಲಿ ಕಮ್ಮಿಯಿಲ್ಲ. ಮೂರು ಪತ್ರದಲ್ಲೂ ಒಂದೇ ವಾಕ್ಯ, ಒಂದೇ ತಪ್ಪು ಇದ್ದರೆ ಕಮಿಟಿಗೆ ತಕ್ಷಣ ಗೊತ್ತಾಗುತ್ತೆ. ಹುಡುಗನ ಮುಖವೇ ನೆನಪಿಲ್ಲದ ಎಚ್ಒಡಿಗಿಂತ ಪ್ರಾಜೆಕ್ಟ್ ಗೈಡ್ ಮೇಲು. ‘ಈ ಭಾಗ ಇವನೇ ಮಾಡಿದ್ದು, ಇಲ್ಲಿ ಸಿಕ್ಕಿಹಾಕಿಕೊಂಡ, ಹೀಗೆ ಬಿಡಿಸಿದ’ ಅಂತ ಬರೆಯೋಕೆ ಆಗೋದು ಅವರಿಗೇ. ಪತ್ರ ಕಾಲೇಜಿನ ಇಮೇಲ್ ವಿಳಾಸದಿಂದ ಹೋಗಲಿ.

ಎಸ್ಒಪಿಯಲ್ಲಿ (ಯಾಕೆ ಓದಬೇಕು ಅಂತ ಅವನೇ ಬರೆಯೋ ಪತ್ರ) ‘ಚಿಕ್ಕಂದಿನಿಂದಲೂ ಕಂಪ್ಯೂಟರ್ ಅಂದರೆ ಕುತೂಹಲ’ ಅನ್ನೋ ಪ್ಯಾರಾ ಪೂರ್ತಿ ಹೊಡೆದುಹಾಕಲಿ, ಫೈನಲ್ ಇಯರ್ ಪ್ರಾಜೆಕ್ಟ್‌ನಿಂದ ಶುರು ಮಾಡಲಿ. 10ರ ಸಿಜಿಪಿಎಯನ್ನು ಯೂನಿವರ್ಸಿಟಿ ಕೇಳದೆ 4ಕ್ಕೆ ಪರಿವರ್ತಿಸಬಾರದು, ಇರೋ ಹಾಗೇ ಕೊಡಬೇಕು. ಬ್ಯಾಕ್‌ಲಾಗ್ ಇದ್ದರೆ ಕಾರಣ ಒಂದು ವಾಕ್ಯದಲ್ಲಿ ಸಾಕು. ಜಿಆರ್‌ಇ (ಎಂಎಸ್, ಪಿಎಚ್‌ಡಿ ಪ್ರವೇಶದ ಪರೀಕ್ಷೆ) ಕೆಲವು ವಿಭಾಗಕ್ಕೆ ಬೇಕು, ಕೆಲವಕ್ಕೆ ಐಚ್ಛಿಕ, ಕೆಲವು ನೋಡೋದೇ ಇಲ್ಲ. ವಿಭಾಗದ ಪುಟ ಓದಿಯೇ ಪರೀಕ್ಷೆಗೆ ದುಡ್ಡು ಕಟ್ಟಲಿ. ಜಿಆರ್‌ಇ ಅಂಕ 5 ವರ್ಷ, ಟೋಫೆಲ್ (ಇಂಗ್ಲಿಷ್ ಪರೀಕ್ಷೆ) 2 ವರ್ಷ ನಡೆಯುತ್ತೆ.

ಸೀಟ್ ಒಪ್ಪೋ ಮುಂಚೆ ಆ ಕೋರ್ಸಿನ ಸಿಐಪಿ ಕೋಡ್ (ಅದು ಯಾವ ವಿಷಯದ ಕೋರ್ಸ್ ಅಂತ ಹೇಳೋ ಸರ್ಕಾರಿ ಸಂಖ್ಯೆ) ಕೇಳಲಿ. ಡಿಗ್ರಿ ಮುಗಿದ ಮೇಲೆ ಓಪಿಟಿ 12 ತಿಂಗಳು, ಅದರ ಮೇಲೆ 24 ತಿಂಗಳ ವಿಸ್ತರಣೆ ಸಿಗೋದು ಆ ಕೋಡ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ. ಒಂದೇ ಥರದ ಹೆಸರಿನ ಎರಡು ಕೋರ್ಸಿಗೆ ಎರಡು ಕೋಡ್ ಇರಬಹುದು.

ಪ್ರಶ್ನೆ: ತುಂಬಾ ಉಪಕಾರ. ಊರಲ್ಲಿ ಒಬ್ಬ ಕನ್ಸಲ್ಟೆಂಟ್ ಫ್ರೀಯಾಗಿ ಎಲ್ಲ ಮಾಡಿಕೊಡ್ತೀನಿ ಅಂತಿದ್ದಾರಂತೆ, ಒಪ್ಪಿಸಬಹುದಾ?

ಉತ್ತರ: ಫ್ರೀ ಅಂದರೆ ಸಾಮಾನ್ಯವಾಗಿ ಅವರಿಗೆ ಯೂನಿವರ್ಸಿಟಿಯೇ ಕಮಿಷನ್ ಕೊಡುತ್ತೆ ಅಂತ ಅರ್ಥ, ಪಟ್ಟಿ ಆ ಕಡೆಗೇ ವಾಲುತ್ತೆ. ಯಾವ ಯಾವ ಯೂನಿವರ್ಸಿಟಿ ಜೊತೆ ಒಪ್ಪಂದ ಇದೆ ಅಂತ ಮೊದಲು ಕೇಳಲಿ. ಏನೇ ಆಗಲಿ, ಅಪ್ಲಿಕೇಶನ್‌ನ ಇಮೇಲೂ ಪಾಸ್‌ವರ್ಡೂ ಹುಡುಗನ ಕೈಯಲ್ಲೇ ಇರಲಿ.