ಪ್ರೋಟೀನ್ ಶೇ 21 ಇದ್ದರೂ ಬ್ರಾಯ್ಲರ್ ಮರಿ ತೂಕ ಬರ್ತಿಲ್ಲ, ಪುಕ್ಕನೂ ಸರಿಯಾಗಿ ಬಂದಿಲ್ಲ. ಯಾಕೆ?

ಜಗಳೂರು ಫಾರಂ:
ಎಲ್ಲರಿಗೂ ನಮಸ್ಕಾರ. ನಮ್ದು ಜಗಳೂರು ಹತ್ತಿರ ಎರಡು ಸಾವಿರ ಮರಿಯ ಶೆಡ್. ಕಂಪನಿ ಮರಿ ಅಲ್ಲ, ಸ್ವಂತ ಮರಿ, ಫೀಡ್ ಕೂಡ ಮನೇಲೇ ಮಿಕ್ಸ್ ಮಾಡ್ತೀವಿ. ಸ್ಟಾರ್ಟರ್‌ಗೆ (ಮರಿಯ ಮೊದಲ ಹಂತದ ಫೀಡ್) ನೂರು ಕೆಜಿ ಲೆಕ್ಕದಲ್ಲಿ ಮೆಕ್ಕೆಜೋಳ 57, ಸೋಯಾ ಡಿಓಸಿ (ಎಣ್ಣೆ ತೆಗೆದ ಸೋಯಾ) 36, ಎಣ್ಣೆ 3, ಉಳಿದದ್ದು ಡಿಸಿಪಿ (ಕ್ಯಾಲ್ಸಿಯಂ-ರಂಜಕದ ಪುಡಿ), ಸುಣ್ಣದ ಪುಡಿ, ಉಪ್ಪು, ಪ್ರೀಮಿಕ್ಸ್ (ವಿಟಮಿನ್-ಖನಿಜದ ಮಿಶ್ರಣ). ಜೊತೆಗೆ ಡಿಎಲ್-ಮಿಥಿಯೋನಿನ್ 250 ಗ್ರಾಂ, ಲೈಸಿನ್ 150 ಗ್ರಾಂ.

ಈ ಸಲ ಸೋಯಾ ರೇಟು ಏರಿತು ಅಂತ ಅರ್ಧ ತೆಗೆದು ಚಳ್ಳಕೆರೆಯಿಂದ ಶೇಂಗಾ ಹಿಂಡಿ ತರಿಸಿದ್ವಿ. ಸೋಯಾ 18, ಹಿಂಡಿ 18. ಲ್ಯಾಬಿಗೆ ಕೊಟ್ಟರೆ ಪ್ರೋಟೀನ್ ಶೇ 21 ಅಂತಲೇ ಬಂತು. ಆದರೆ 21 ದಿನಕ್ಕೆ ಮರಿ 700 ಗ್ರಾಂ ದಾಟಿಲ್ಲ, ನಮ್ಮಲ್ಲಿ ಈ ಹೊತ್ತಿಗೆ 850ರ ಮೇಲೆ ಇರ್ತಿತ್ತು. ಬೆನ್ನ ಮೇಲೆ ಪುಕ್ಕ ಇಲ್ಲ, ಒಂದರ ಬಾಲ ಇನ್ನೊಂದು ಕುಕ್ತಿದೆ. ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಒದ್ದೆ, ಬೆಳಿಗ್ಗೆ ಪರದೆ ಎತ್ತಿದರೆ ಅಮೋನಿಯಾಕ್ಕೆ ಕಣ್ಣು ಉರಿಯುತ್ತೆ. ಪ್ರೋಟೀನ್ ಅಷ್ಟೇ ಇದ್ದಮೇಲೆ ತೊಂದರೆ ಎಲ್ಲಿ?

ಹಾವೇರಿ ಕೋಳಿ:
ಅಣ್ಣಾ, ಪ್ರೋಟೀನ್ ಸಾಲ್ತಿಲ್ಲ ಅಷ್ಟೇ. ಹಿಂಡಿ ಇನ್ನೊಂದು ಐದಾರು ಕೆಜಿ ಸೇರಿಸಿ 23-24ಕ್ಕೆ ಏರಿಸಿ.

ಫೀಡ್‌ಮಿಲ್ ಹಳಬ:
ಹಾವೇರಿಯವರು ಬೇಜಾರಾಗಬೇಡಿ, ಅದೊಂದು ಮಾತ್ರ ದಯವಿಟ್ಟು ಮಾಡಬೇಡಿ. ಫೀಡ್‌ಮಿಲ್‌ನಲ್ಲಿ ಫಾರ್ಮುಲಾ ಬರೆಯೋದೇ ನನ್ನ ಕೆಲಸವಾಗಿತ್ತು. ಈ ಪ್ರೋಟೀನ್ ಶೇಕಡಾ ನಂಬಿ ನಷ್ಟ ಮಾಡಿಕೊಂಡ ರೈತರನ್ನ ಬಹಳ ನೋಡಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಲ್ಯಾಬಿನವರು ಅಳೆಯೋದು ಸಾರಜನಕ. ಅದನ್ನ 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೆದುಕೊಡ್ತಾರೆ. ಸೋಯಾದ್ದೋ ಶೇಂಗಾದ್ದೋ, ಒಳಗೆ ಯಾವ ಅಮೈನೊ ಆಮ್ಲ (ಪ್ರೋಟೀನ್ ಕಟ್ಟಿರೋ ತುಣುಕು; ಲೈಸಿನ್, ಮಿಥಿಯೋನಿನ್, ಥ್ರಿಯೋನಿನ್ ಎಲ್ಲ ಅವೇ) ಎಷ್ಟಿದೆ ಅನ್ನೋದು ಆ ಚೀಟಿಯಲ್ಲಿ ಇರೋದೇ ಇಲ್ಲ. ಕೋಳಿಗೆ ಬೇಕಿರೋದು ಅದು.

ನಿಮ್ಮ ಲೆಕ್ಕವನ್ನೇ ಹಾಕೋಣ. ಮೆಕ್ಕೆಜೋಳದಲ್ಲಿ ಲೈಸಿನ್ ಸುಮಾರು ಶೇ 0.25, ಸೋಯಾದಲ್ಲಿ 2.8, ಶೇಂಗಾ ಹಿಂಡಿಯಲ್ಲಿ 1.5. ಹಳೇ ಫಾರ್ಮುಲಾದಲ್ಲಿ ಜೋಳದಿಂದ 142 ಗ್ರಾಂ, ಸೋಯಾದಿಂದ 1008 ಗ್ರಾಂ, ಒಟ್ಟು 1150. ಈಗ 142, 504, ಹಿಂಡಿಯಿಂದ 270, ಒಟ್ಟು 916. ನೂರು ಕೆಜಿಗೆ 234 ಗ್ರಾಂ ಲೈಸಿನ್ ಹೋಯ್ತು. ಪ್ರೋಟೀನ್ ಮಾತ್ರ 21.2 ಇದ್ದದ್ದು 20.9ಕ್ಕೆ ಇಳಿದಿದೆ, ಅದು ಯಾರ ಕಣ್ಣಿಗೂ ಬೀಳಲ್ಲ. ಇದರ ಮೇಲೆ ಜೀರ್ಣ ಆಗೋ ಪ್ರಮಾಣವೂ ಕಡಿಮೆ. ಸೋಯಾದ ಲೈಸಿನ್ ನೂರಕ್ಕೆ 90ರಷ್ಟು ಮೈಗೆ ಹತ್ತಿದರೆ ಹಿಂಡಿಯದ್ದು 80ರ ಆಸುಪಾಸು.

ಎದೆ ಮಾಂಸ ಕಟ್ಟೋದಕ್ಕೆ ಲೈಸಿನ್ ಮುಖ್ಯ, ಅದಕ್ಕೇ ತೂಕ ನಿಂತಿದೆ. ಪುಕ್ಕಕ್ಕೆ ಬೇಕಾದ್ದು ಮಿಥಿಯೋನಿನ್ ಮತ್ತು ಸಿಸ್ಟಿನ್. ಹಿಂಡಿ ಬಂದಮೇಲೆ ಎರಡೂ ಸೇರಿ 50 ಗ್ರಾಂನಷ್ಟು ಇಳಿದಿದೆ. ಥ್ರಿಯೋನಿನ್ 108 ಗ್ರಾಂ ಇಳಿದಿದೆ, ಅದನ್ನ ನೀವು ಹೊರಗಿಂದ ಹಾಕ್ತಾನೇ ಇಲ್ಲ. ಮೆಕ್ಕೆಜೋಳ-ಸೋಯಾ ಫೀಡಿನಲ್ಲಿ ಮೊದಲು ಕೊರತೆ ಬೀಳೋದು ಮಿಥಿಯೋನಿನ್, ಆಮೇಲೆ ಲೈಸಿನ್, ಆಮೇಲೆ ಥ್ರಿಯೋನಿನ್. ಶೇಂಗಾ ಬಂತು ಅಂದ್ರೆ ಲೈಸಿನ್ ಮುಂದಕ್ಕೆ ಬರುತ್ತೆ.

ಒಂದು ಕಡಿಮೆ ಇದ್ದರೆ ಮಿಕ್ಕವು ಎಷ್ಟಿದ್ದರೂ ಮಾಂಸ ಆಗಲ್ಲ. ಆ ಸಾರಜನಕವನ್ನ ಕೋಳಿ ಯೂರಿಕ್ ಆಮ್ಲ ಮಾಡಿ ಹೊರಹಾಕುತ್ತೆ, ಅದಕ್ಕೆ ನೀರು ಜಾಸ್ತಿ ಕುಡಿಯುತ್ತೆ. ನಿಮ್ಮ ಲಿಟರ್ ಒದ್ದೆ, ಕಣ್ಣುರಿ ಎರಡಕ್ಕೂ ಇದೇ ಮೂಲ ಇರಬಹುದು. ಹಿಂಡಿ ಇನ್ನೂ ಸೇರಿಸಿ 24 ಮಾಡಿದರೆ ಇದೇ ಹೆಚ್ಚಾಗುತ್ತೆ.

ಲೆಕ್ಕ ಹಾಕೋ ಕ್ರಮ ಹೀಗೆ: ಲೈಸಿನ್ 100 ಅಂತ ಇಟ್ಟುಕೊಂಡರೆ ಮಿಥಿಯೋನಿನ್-ಸಿಸ್ಟಿನ್ ಸೇರಿ 74-75, ಥ್ರಿಯೋನಿನ್ 66, ವ್ಯಾಲಿನ್ 76, ಅರ್ಜಿನೈನ್ 105ರ ಸುತ್ತ ಇರಬೇಕು. ಅಮೆರಿಕದ ಎನ್‌ಆರ್‌ಸಿ (ರಾಷ್ಟ್ರೀಯ ಸಂಶೋಧನಾ ಮಂಡಳಿ) 1994ರಲ್ಲಿ ಮೊದಲ ಮೂರು ವಾರಕ್ಕೆ ಒಟ್ಟು ಲೈಸಿನ್ ಶೇ 1.10 ಸಾಕು ಅಂದಿತ್ತು. ಈಗಿನ ತಳಿ ಬೆಳೆಯೋ ವೇಗಕ್ಕೆ ಅದು ಸಾಲಲ್ಲ, ಸ್ಟಾರ್ಟರ್‌ನಲ್ಲಿ 1.25ಕ್ಕೆ ಕಡಿಮೆ ನಾನು ಯಾವತ್ತೂ ಬರೆದವನಲ್ಲ.

ಈಗಿರೋ ಫೀಡಿಗೆ ನೂರು ಕೆಜಿಗೆ ಲೈಸಿನ್ ಇನ್ನೂ 300 ಗ್ರಾಂ (ಅಂಗಡಿಯ ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ನಿಜವಾದ ಲೈಸಿನ್ ಶೇ 78 ಮಾತ್ರ, ಅದಕ್ಕೇ 234ರ ಬದಲು 300), ಥ್ರಿಯೋನಿನ್ 110, ಮಿಥಿಯೋನಿನ್ 50 ಸೇರಿಸಿ. ಲೈಸಿನ್ ಜೊತೆ ಕ್ಲೋರೈಡ್ ಬರುತ್ತೆ, ಉಪ್ಪು 100 ಗ್ರಾಂ ಇಳಿಸಿ ಅಡುಗೆ ಸೋಡಾ ಹಾಕಿ. ಲೈಸಿನ್ ಜಾಸ್ತಿ ಆದರೆ ಅರ್ಜಿನೈನ್ ಸಾಲಲ್ಲ ಅಂತ ಕೆಲವರು ಹೆದರಿಸ್ತಾರೆ. ಶೇಂಗಾದಲ್ಲಿ ಅರ್ಜಿನೈನ್ ಧಾರಾಳ, ಆ ಚಿಂತೆ ಬೇಡ.

ಸಲಿಕೆಯಲ್ಲಿ ಮಿಕ್ಸ್ ಮಾಡೋದಾದರೆ ಈ ಪುಡಿಗಳನ್ನ ನೇರ ರಾಶಿಗೆ ಸುರಿಯಬೇಡಿ. ಮೊದಲು ಎರಡು ಕೆಜಿ ಜೋಳದ ನುಚ್ಚಿಗೆ ಕಲಸಿ, ಅದನ್ನ ಹತ್ತು ಕೆಜಿಗೆ, ಆಮೇಲೆ ಪೂರ್ತಿ ರಾಶಿಗೆ. ಮುಗಿದಮೇಲೆ ರಾಶಿಯ ನಾಲ್ಕು ಕಡೆ ಒಂದೊಂದು ಹಿಡಿ ಎತ್ತಿ ಮೂಸಿ. ಮಿಥಿಯೋನಿನ್‌ಗೆ ಗಂಧಕದ ಘಾಟು ಇದೆ. ಒಂದು ಕಡೆ ಮೂಗಿಗೆ ಹೊಡೆದು ಇನ್ನೊಂದು ಕಡೆ ಏನೂ ಇಲ್ಲ ಅಂದ್ರೆ ಇನ್ನೊಮ್ಮೆ ತಿರುವಿ.

ಪಶುವೈದ್ಯೆ, ಶಿವಮೊಗ್ಗ:
ಹಳಬರ ಲೆಕ್ಕ ಸರಿಯಾಗಿದೆ. ಅದರ ಜೊತೆ ಹಿಂಡಿಯನ್ನ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರೋ ವಿಷ) ಪರೀಕ್ಷೆಗೂ ಕೊಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ರಾಶಿ ರಾಶಿ ಸತ್ತಾಗ ಈ ವಿಷ ಪತ್ತೆಯಾದದ್ದೇ ಶೇಂಗಾ ಹಿಂಡಿಯಲ್ಲಿ. ಫೀಡಿನಲ್ಲಿ 20 ಪಿಪಿಬಿ (ನೂರು ಕೋಟಿ ಭಾಗದಲ್ಲಿ 20 ಭಾಗ) ದಾಟಬಾರದು. ಸತ್ತ ಮರಿ ಇದ್ದರೆ ಕೊಯ್ದು ನೋಡಿ: ಪಿತ್ತಜನಕಾಂಗ ಹಳದಿಗೆ ತಿರುಗಿ ಊದಿಕೊಂಡಿದ್ದರೆ ಬರೀ ಅಮೈನೊ ಆಮ್ಲ ಸೇರಿಸಿ ಪ್ರಯೋಜನ ಇಲ್ಲ, ಹಿಂಡಿಯನ್ನೇ ನಿಲ್ಲಿಸಬೇಕು. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ (ಕರುಳಿನ ಪರಾವಲಂಬಿ ರೋಗ), ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.

ಜಗಳೂರು ಫಾರಂ:
ಡಾಕ್ಟ್ರೇ, ಹಿಕ್ಕೆಯಲ್ಲಿ ರಕ್ತ ಇಲ್ಲ. ನಿನ್ನೆ ಸತ್ತ ಒಂದು ಮರಿ ಕೊಯ್ದು ನೋಡಿದೆ, ಪಿತ್ತಜನಕಾಂಗದ ಬಣ್ಣ ಚೆನ್ನಾಗಿಯೇ ಇದೆ. ಹಿಂಡಿ ನಾಳೆ ಲ್ಯಾಬಿಗೆ ಕಳಿಸ್ತೀನಿ. ಹಳಬರೇ, ನಾಡಿದ್ದಿನಿಂದ ಫಿನಿಷರ್ (ಕೊನೆ ಹಂತದ ಫೀಡ್) ಶುರು. ಎಂಟು ಚೀಲ ಹಿಂಡಿ ಉಳಿದಿದೆ, ಅದನ್ನ ಹೇಗೆ ಬಳಸಲಿ?

ಫೀಡ್‌ಮಿಲ್ ಹಳಬ:
ಲ್ಯಾಬ್ ರಿಪೋರ್ಟ್ ಬರೋವರೆಗೂ ಚೀಲ ಬಿಚ್ಚಬೇಡಿ, ಅಲ್ಲಿವರೆಗೆ ಪೂರ್ತಿ ಸೋಯಾದಲ್ಲೇ ನಡೆಸಿ. ರಿಪೋರ್ಟ್ ಚೆನ್ನಾಗಿ ಬಂದರೆ ಹಿಂಡಿ ನೂರಕ್ಕೆ 8 ಕೆಜಿ ಮೇಲೆ ಬೇಡ. ಮೆಕ್ಕೆಜೋಳ 64, ಸೋಯಾ 20, ಹಿಂಡಿ 8, ಎಣ್ಣೆ 5, ಉಳಿದದ್ದು ಖನಿಜ, ಪ್ರೀಮಿಕ್ಸ್. ಲೈಸಿನ್ 300 ಗ್ರಾಂ, ಮಿಥಿಯೋನಿನ್ 230, ಥ್ರಿಯೋನಿನ್ 80. ಲೈಸಿನ್ ಶೇ 1.07ಕ್ಕೆ ಬರುತ್ತೆ, ಪ್ರೋಟೀನ್ 18. ಆ 18 ನೋಡಿ ಗಾಬರಿಯಾಗಿ ಮತ್ತೆ ಹಿಂಡಿ ಸುರಿಯಬೇಡಿ. ಹೊಸ ಫೀಡ್ ಶುರು ಮಾಡೋ ದಿನ ಮತ್ತು ವಾರ ಬಿಟ್ಟು, ಎರಡು ಸಲವೂ ಶೆಡ್ಡಿನ ಬೇರೆ ಬೇರೆ ಮೂಲೆಯಿಂದ ಐವತ್ತು ಮರಿ ಹಿಡಿದು ತೂಗಿ ಇಲ್ಲಿ ಹಾಕಿ.